ಒಂದನೇ ನಂಬರಿನ ಕಾಲು

ಆ ಕಾರ್ಖಾನೆಯಿಂದ ಹೊರಬೀಳುವ ಪ್ರತಿಯೊಂದು ಶೂವಿನ ಒಳಗೂ ಮೊದಲು ಹೋಗುತ್ತಿದ್ದದ್ದು ಕಾಲಲ್ಲ, ಕೈ. ಉಂಗುರವಿಲ್ಲದ, ಉಗುರು ಒತ್ತಿ ಕತ್ತರಿಸಿದ, ಒಬ್ಬ ಹೆಂಗಸಿನ ಬಲಗೈ. ಅದು ಹಿಮ್ಮಡಿಯ ಜಾಗದಲ್ಲಿ ಶುರುಮಾಡಿ, ಅಂಚು ಹಿಡಿದು, ಬೆರಳುಗಳ ಮೂಲೆಯವರೆಗೆ ಹೋಗಿ, ಮೇಲ್ಭಾಗವನ್ನು ಸವರಿಕೊಂಡು ವಾಪಸು ಬರುತ್ತಿತ್ತು. ದಾರದ ಗಂಟೋ, ಒಣಗಿದ ಅಂಟಿನ ಹನಿಯೋ, ಮೂತಿ ತೋರಿಸಿದ ಮೊಳೆಯೋ ಸಿಕ್ಕಿದರೆ ಮುಗಿಯಿತು, ಆ ಶೂ ಬಂದ ದಾರಿಯಲ್ಲೇ ವಾಪಸು.

ಇಷ್ಟೊಂದು ಕಟ್ಟುನಿಟ್ಟು ಯಾಕೆಂದರೆ ಅಲ್ಲಿ ತಯಾರಾಗುತ್ತಿದ್ದದ್ದು ಶೋಕಿಯ ಶೂಗಳಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋದವರು ಹಾಕಿಕೊಳ್ಳುವಂಥವು. ಅಂಥವರಿಗೆ ಕಾಲಿನ ಕೆಳಗೆ ಮೊಳೆ ಇದ್ದರೂ ತಿಳಿಯದು. ಸಂಜೆ ಕಾಲುಚೀಲ ತೆಗೆದು ರಕ್ತ ಕಂಡಾಗ 'ಇದೆಲ್ಲಿಂದ ಬಂತು' ಎಂದು ಮನೆಯವರನ್ನೇ ಕೇಳುತ್ತಾರೆ. ಶೂ ಬಿಗಿಯಾದರೂ ಹುಣ್ಣು, ಸಡಿಲವಾಗಿ ಉಜ್ಜಿದರೂ ಹುಣ್ಣು. ಹುಣ್ಣಾದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ. ಹಾಗಾಗಿ ಅವರ ಬದಲು ಇನ್ನೊಬ್ಬರು ಮುಟ್ಟಿ ನೋಡಲೇಬೇಕು. ಹತ್ತೊಂಬತ್ತನೇ ವಯಸ್ಸಿಗೆ ದಾರ ಕತ್ತರಿಸುವ ಕೆಲಸಕ್ಕೆ ಸೇರಿದ ಇವಳು ಎರಡೇ ವರ್ಷದಲ್ಲಿ ಆ ಇನ್ನೊಬ್ಬರಾದಳು. ಈಗ ಅವಳಿಗೆ ಐವತ್ತೊಂದು. ಕಾರ್ಖಾನೆಯಲ್ಲಿ ಇದ್ದವರೇ ಏಳು ಜನ, ಮಿಕ್ಕವರಿಗೆಲ್ಲ ಅವಳು ಕೈಯಕ್ಕ.

ಅವಳ ಗಂಡನೂ ಅಲ್ಲೇ ಕೆಲಸಕ್ಕಿದ್ದ. ಅವನನ್ನು ಅಚ್ಚಿನಣ್ಣ ಎನ್ನುತ್ತಿದ್ದರು. ಶೂ ಕಟ್ಟಬೇಕಾದರೆ ಮೊದಲು ಪಾದದ ಆಕಾರದ ಮರದ ಅಚ್ಚು ಬೇಕು, ಅದರ ಮೇಲೆ ಚರ್ಮ ಎಳೆದು ಹೊಲಿಯುವುದು. ಮೊದಲು ಕೈಯಲ್ಲೇ ಕೆತ್ತುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಮಾಲೀಕರು ಒಂದು ಕೆತ್ತುವ ಯಂತ್ರವನ್ನು, ಅದನ್ನು ನಡೆಸಲು ಒಂದು ಕಂಪ್ಯೂಟರನ್ನು ತಂದರು. ತಂದಾಗಲೇ ಆ ಕಂಪ್ಯೂಟರು ಹಳೆಯದು. ಅದರ ಹೊಟ್ಟೆಯೊಳಗೆ ಅಂಗೈ ಅಗಲದ ಒಂದು ಹಸಿರು ಕಾರ್ಡು, ಅಂಚಿಗೆ ಚಿನ್ನದ ಬಣ್ಣದ ಸಾಲುಹಲ್ಲು. ಆ ಹಲ್ಲು ಸೀಳುಗಂಡಿಯಲ್ಲಿ ಕಚ್ಚಿ ಕೂತರೆ ಕಂಪ್ಯೂಟರು ಹೇಳಿದ್ದು ಯಂತ್ರಕ್ಕೆ ಕೇಳಿಸುತ್ತಿತ್ತು. ಇಲ್ಲದಿದ್ದರೆ ಎರಡೂ ಪಕ್ಕಪಕ್ಕ ಕೂತ ಅಪರಿಚಿತರು. ಈಗಿನ ಕಂಪ್ಯೂಟರುಗಳಲ್ಲಿ ಆ ಗಂಡಿಯೇ ಇಲ್ಲ, ಈಗಿನ ಪ್ರೋಗ್ರಾಮುಗಳಿಗೆ ಆ ಫೈಲುಗಳ ತಲೆಬುಡ ತಿಳಿಯದು. ಮುನ್ನೂರು ಚಿಲ್ಲರೆ ಜನರ ಪಾದಗಳು ಅದೊಂದು ಪೆಟ್ಟಿಗೆಯಲ್ಲಿದ್ದವು.

ಅದರಲ್ಲಿ ಒಂದನೇ ನಂಬರು ಅಚ್ಚಿನಣ್ಣನದೇ ಎಡಗಾಲು. ಮೊದಲ ದಿನ ಅಳತೆ ಪರೀಕ್ಷೆಗೆ ಒಂದು ಕಾಲು ಬೇಕಾದಾಗ, "ಬೇರೆಯವರ ಕಾಲು ಹಿಡಿಯೋದಕ್ಕಿಂತ ನಮ್ಮದೇ ವಾಸಿ" ಎಂದು ತಾನೇ ನಿಂತಿದ್ದನಂತೆ. ಆ ಅಚ್ಚಿನ ಮೇಲೆ ನೀಲಿ ಪೆನ್ನಿನಲ್ಲಿ '1' ಎಂದು ಬರೆದು ಕಪಾಟಿನ ಮೇಲೆ ಇಟ್ಟಿದ್ದ. ಆಮೇಲೆ ಕಾರ್ಡನ್ನು ಯಾವಾಗ ಬಿಚ್ಚಿ ಒರೆಸಿ ಹಾಕಿದರೂ ಅವನದೊಂದು ನೇಮ. ಮೊದಲು ಒಂದನೇ ನಂಬರನ್ನು ಕೆತ್ತಿಸಬೇಕು, ಹಳೆಯದರ ಪಕ್ಕ ಇಟ್ಟು ತಾಳೆ ನೋಡಬೇಕು, ಆಮೇಲೆಯೇ ಜನರ ಕಾಲು. ಮಿಕ್ಕ ಅಚ್ಚುಗಳನ್ನು ವರ್ಷವಾದ ಮೇಲೆ ಅಂಟು ಕಾಯಿಸುವ ಒಲೆಗೆ ಹಾಕುತ್ತಿದ್ದರು. ಕಂಪ್ಯೂಟರಿನಲ್ಲಿ ಇದೆಯಲ್ಲ, ಜಾಗ ಯಾಕೆ ದಂಡ ಎಂದು.

ಏಳು ತಿಂಗಳ ಹಿಂದೆ ಅಚ್ಚಿನಣ್ಣ ಹೃದಯದ ಕಾಯಿಲೆಯಲ್ಲಿ ತೀರಿಹೋದ. ನಾಲ್ಕು ತಿಂಗಳು ಕಾಲು ಊದಿಕೊಂಡು ನರಳಿ, ಕೊನೆಗೆ ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ.

ಕೈಯಕ್ಕ ಅಳಲಿಲ್ಲ. ಅಳು ತಡೆದುಕೊಂಡಳು ಎಂದು ತಿಳಿಯಬೇಡಿ, ತಡೆಯುವುದಕ್ಕೆ ಏನೂ ಬರಲೇ ಇಲ್ಲ. ಬಂದವರೆಲ್ಲ ಅವಳ ಮುಖವನ್ನೇ ನೋಡುತ್ತ ಕೂತರು, ಬಸ್ಸಿಗೆ ಕಾದಂತೆ ಅವಳ ಕಣ್ಣೀರಿಗೆ ಕಾದರು, ಬರಲಿಲ್ಲವೆಂದು ಎದ್ದು ಹೋದರು. "ಅತ್ತುಬಿಡಮ್ಮಾ, ಹಗುರಾಗುತ್ತೆ" ಎಂದು ಉಪದೇಶ ಮಾಡಿದವರಿಗೆ ಬೇರೆ ಕೆಲಸವಿರಲಿಲ್ಲ ಎಂದುಕೊಳ್ಳೋಣ. ಮನೆಯಲ್ಲಿ ಉಳಿದವರು ಅವಳು ಮತ್ತು ಅವನ ತಾಯಿ, ಅಂದರೆ ಅತ್ತೆ. ಅತ್ತೆಗೆ ಬಾಯಿ ಜೋರು. "ಕಲ್ಲು ಕಣೇ ನೀನು. ಹಾಲು ಉಕ್ಕಿದ್ರೂ ಅಷ್ಟೇ, ಮನೆ ಉರಿದ್ರೂ ಅಷ್ಟೇ" ಎಂದು ದಿನಕ್ಕೆ ಎರಡು ಸಲವಾದರೂ ಅನ್ನುತ್ತಿದ್ದರು. ಇವಳು ಹೂಂ ಅನ್ನುತ್ತಿದ್ದಳು. ಬೆಳಿಗ್ಗೆ ಏಳುವುದು, ಅತ್ತೆಯ ಮಾತ್ರೆ, ಊಟದ ಡಬ್ಬಿ, ಕಾರ್ಖಾನೆ, ವಾಪಸು. ರುಚಿ ಗೊತ್ತಾಗುತ್ತಿರಲಿಲ್ಲ. ಬಿಸಿನೀರು ಎಷ್ಟು ಬಿಸಿ ಎಂದು ಅಂಗೈ ಕೆಂಪಾದ ಮೇಲೆ ತಿಳಿಯುತ್ತಿತ್ತು. ಶೂವಿನೊಳಗೆ ಹೋದಾಗ ಮಾತ್ರ ಆ ಕೈ ತನ್ನ ಕೆಲಸ ತಾನು ಮಾಡುತ್ತಿತ್ತು.

ಅವನು ಹೋದ ತಿಂಗಳಿಗೆ ಮಾಲೀಕರು ಹಳೆಯ ಅಚ್ಚುಗಳನ್ನು ಖಾಲಿ ಮಾಡಲು ಹೇಳಿದರು. ಅವಳು ಒಲೆಯ ಮುಂದೆ ಕೂತು ಮೂವತ್ತೋ ನಲವತ್ತೋ ಕಾಲುಗಳನ್ನು ಒಂದೊಂದಾಗಿ ಒಳಗೆ ಹಾಕಿದಳು. ಕೊನೆಯದು ಕೈಗೆ ಬಂದಾಗ ಅದರ ಮೇಲೆ ನೀಲಿ ಅಕ್ಷರದಲ್ಲಿ '1' ಇತ್ತು. ನೋಡಿದಳು. ಅದು ಯಾರದು, ಯಾತಕ್ಕೆ ಇಟ್ಟದ್ದು ಎಲ್ಲ ಚೆನ್ನಾಗಿ ಗೊತ್ತಿತ್ತು. ಒಳಗೆ ಹಾಕಿ ಬಾಗಿಲು ಮುಚ್ಚಿ, ಕೈ ತೊಳೆದು, ಟೀ ಕುಡಿದಳು. ಯಾಕೆ ಹಾಗೆ ಮಾಡಿದಳೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಕಂಪ್ಯೂಟರಿನ ಹೊಟ್ಟೆಯಿಂದ ಸುಟ್ಟ ವಾಸನೆ ಬಂತು. ಕೆತ್ತುವ ಯಂತ್ರ ಅರ್ಧ ಹಿಮ್ಮಡಿಗೇ ನಿಂತುಬಿಟ್ಟಿತು. ಕಾರ್ಡು ಹೋಗಿತ್ತು.

ನಿಂತದ್ದು ಡ್ರಿಲ್ ಮೇಷ್ಟ್ರ ಕಾಲು. ಮೂರು ತಲೆಮಾರಿನ ಮಕ್ಕಳನ್ನು ಮೈದಾನದಲ್ಲಿ ಓಡಿಸಿ ಓಡಿಸಿ ನಿವೃತ್ತರಾದ ಮನುಷ್ಯ ಅವರು. ಹಿಂದಿನ ವರ್ಷ ಬೇರೆ ಎಲ್ಲೋ ಕೊಂಡ ಸಡಿಲ ಶೂ ಹಾಕಿಕೊಂಡು, ಎಡಗಾಲಿನ ಎರಡು ಬೆರಳು ಕಳೆದುಕೊಂಡಿದ್ದರು. ಈಗ ಇಲ್ಲಿಯ ಶೂವಿನ ಅಟ್ಟೆಯೂ ಕಿತ್ತು ಬಂದಿತ್ತು. ಹೊಸ ಜೊತೆ ಬರುವವರೆಗೆ ಬೇರೆ ಏನನ್ನೂ ಹಾಕಿಕೊಂಡು ಒಂದು ಹೆಜ್ಜೆಯನ್ನೂ ಇಡಕೂಡದೆಂದು ಆಸ್ಪತ್ರೆಯವರು ಹೇಳಿದ್ದರಿಂದ ಮೇಷ್ಟ್ರು ಮನೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟು ಕೂತಿದ್ದರು. ದಿನಕ್ಕೆರಡು ಸಲ ಫೋನು ಮಾಡಿ, "ಏನಮ್ಮಾ, ನನ್ನ ಕಾಲು ಎಲ್ಲಿಗೆ ಬಂತು?" ಎನ್ನುತ್ತಿದ್ದರು. ಇನ್ನೊಂದು ಸಲ ಸಡಿಲವಾದರೆ ಈ ಬಾರಿ ಹೋಗುವುದು ಬೆರಳಲ್ಲ ಎಂದು ಅವರಿಗೂ ಗೊತ್ತಿತ್ತು, ಕಾರ್ಖಾನೆಯವರಿಗೂ ಗೊತ್ತಿತ್ತು.

ಮಾಲೀಕರು, ಅಚ್ಚಿನಣ್ಣನ ಕಾಲದಲ್ಲೂ ಬಂದು ಹೋಗುತ್ತಿದ್ದ ಕಾರ್ಡ್ ಡಾಕ್ಟರನ್ನು ಕರೆಸಿದರು. ನಲವತ್ತರ ಆಸುಪಾಸಿನ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಈ ಮನುಷ್ಯ ಓದಿದ್ದು ಏನನ್ನೋ, ಮಾಡುತ್ತಿದ್ದದ್ದು ಇದನ್ನು. ಮುಚ್ಚಿಹೋದ ಕಾರ್ಖಾನೆಗಳ ಹಳೆಯ ಕಂಪ್ಯೂಟರುಗಳಿಂದ ಕಾರ್ಡು ಬಿಚ್ಚಿ ತಂದು, ಮೊಟ್ಟೆಯ ಟ್ರೇಗಳಲ್ಲಿ ಸಾಲಾಗಿ ನಿಲ್ಲಿಸಿ ಇಟ್ಟುಕೊಂಡು, ಇನ್ನೂ ಉಸಿರಾಡುತ್ತಿರುವ ಕಂಪ್ಯೂಟರುಗಳಿಗೆ ಹಾಕುವುದು. ಬರುವಾಗಲೇ ಬಾಗಿಲಲ್ಲಿ ನಿಂತು ಮೂಸಿ, "ಹೋಯ್ತು ಬಿಡಿ. ಹೊಗೆ ಬಂದ ಮೇಲೆ ಬದುಕಿದ ಕಾರ್ಡನ್ನ ನಾನಂತೂ ನೋಡಿಲ್ಲ" ಎಂದ. ಟ್ರೇಯಿಂದ ಒಂದನ್ನು ಎತ್ತಿ, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಚಿನ್ನದ ಹಲ್ಲುಗಳನ್ನು ಉಜ್ಜತೊಡಗಿದ.

"ಇದೇ ಕಂಪನಿದು, ಇದೇ ಮಾದರಿ. ಆಟಿಕೆ ಕಾರ್ಖಾನೇಲಿ ಇತ್ತು. ಆದ್ರೆ ಒಂದು ಮಾತು. ಇಲ್ಲಿ ನೋಡಿ, ಸಾಸಿವೆಯಷ್ಟು ತಿರುಪು. ಉಳಿ ಎಷ್ಟು ಆಳ ಹೋಗ್ಬೇಕು ಅನ್ನೋದು ಇದರ ಕೈಲಿ. ಅಲ್ಲಿಯ ಯಂತ್ರಕ್ಕೆ ಹೊಂದಿಸಿದ್ದು ಇಲ್ಲಿಗೆ ಹೊಂದುತ್ತೋ ಇಲ್ವೋ ಯಾರು ಕಂಡೋರು. ಅಣ್ಣ ಒಂದನೇ ನಂಬರ್ ಅಂತ ಇಟ್ಟಿದ್ರಲ್ಲ, ಕೊಡಿ ಅದನ್ನ."

ಕಪಾಟಿನ ಮೇಲೆ ಅದು ಇರಲಿಲ್ಲ. ಮಾಲೀಕರು ಎಲ್ಲ ಕಡೆ ಹುಡುಕಿಸಿದರು.

"ಸುಟ್ಟೆ" ಎಂದಳು ಕೈಯಕ್ಕ.

ಮಾಲೀಕರು ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತರು. ಬೈಯಬೇಕೆಂದಿತ್ತು, ಹೋದವನ ಹೆಂಡತಿ ಎಂದು ನುಂಗಿಕೊಂಡರು.

"ಕೆತ್ತಿಸಿ. ನಾನು ನೋಡ್ತೀನಿ" ಎಂದಳು ಅವಳು. "ಅವರ ಕಾಲು ನನ್ನ ಕೈಗೆ ಗೊತ್ತು."

ಕಾರ್ಡ್ ಡಾಕ್ಟರ್ ಮಾಲೀಕರ ಮುಖ ನೋಡಿದ. ಇಲ್ಲಿ ಆ ಕೈಯ ಮಾತಿಗೆ ಮೇಲ್ಮನವಿ ಇರಲಿಲ್ಲ. ಕಾರ್ಡನ್ನು ಗಂಡಿಗೆ ಒತ್ತಿ ಕೂರಿಸಿ, "ಏಳಪ್ಪಾ, ಬೆಳಗಾಯ್ತು" ಎಂದು ಕಂಪ್ಯೂಟರಿನ ತಲೆ ತಟ್ಟಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಬಂತು. ಅವನು ಒಂದು ಎಂದು ಒತ್ತಿದ.

ಮರದ ತುಂಡು ತಿರುಗತೊಡಗಿತು. ಹೊಟ್ಟು ಹಾರಿ ಹಾರಿ ಮೊದಲು ಹಿಮ್ಮಡಿ ಕಂಡಿತು, ಆಮೇಲೆ ಪಾದದ ಮೇಲಿನ ಉಬ್ಬು, ನಲವತ್ತು ನಿಮಿಷಕ್ಕೆ ಬೆರಳಿನ ಸಾಲು. ಅವಳು ಕೈ ಕಟ್ಟಿಕೊಂಡು ನಿಂತು ನೋಡಿದಳು. ಸತ್ತ ಗಂಡನ ಕಾಲು ಮರದೊಳಗಿಂದ ಹೊರಗೆ ಬರುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆಗಲೂ ಏನೂ ಆಗಲಿಲ್ಲ.

ಬಿಚ್ಚಿ ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಸವರಿದಳು. ಕಿರುಬೆರಳಿನ ಪಕ್ಕದ ಗಂಟು ಇತ್ತು. ಪಾದದ ಮೇಲಿನ ದುಂಡಗಿನ ಏರು ಇತ್ತು. ಅಂಗೈ ತುಂಬ ಕೂರುವ ಆ ಭಾರದ ಹಿಮ್ಮಡಿ. ಕೈ ಒಂದು ಕ್ಷಣವೂ ತಡೆಯಲಿಲ್ಲ, ಇದೇ ಎಂದಿತು.

"ಸರಿಯಾಗಿದೆ."

"ಖಂಡಿತಾನಾ ಅಕ್ಕ?"

"ಸರಿಯಾಗಿದೆ ಅಂದೆನಲ್ಲ."

ಕಾರ್ಡ್ ಡಾಕ್ಟರ್ ಯಂತ್ರಕ್ಕೆ ಹೊಸ ತುಂಡು ಕಚ್ಚಿಸಿ, ಡ್ರಿಲ್ ಮೇಷ್ಟ್ರ ನಂಬರು ಒತ್ತಿದ. ಮಧ್ಯಾಹ್ನದ ಗಂಟೆ ಹೊಡೆಯಿತು. ಅತ್ತೆಗೆ ಮಾತ್ರೆ ಕೊಡಬೇಕಿತ್ತು, ಅವಳು ಮನೆಗೆ ಹೊರಟಳು. ಮನೆ ಎರಡು ಬೀದಿಯಾಚೆ.

ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮಾತಿಗೆ ಜನ ಸಿಗಲೆಂದೇ ಕಾಯುತ್ತಿದ್ದರು. ಮಾತ್ರೆ ನುಂಗಿ ನೀರು ಕುಡಿದು, "ಅವನ ಶೂ ಇನ್ನೂ ಇಲ್ಲೇ ಬಿದ್ದಿದೆ. ಇಟ್ಕೊಂಡು ಏನ್ ಮಾಡ್ತೀಯ, ಯಾರಿಗಾದ್ರೂ ಕೊಡು. ಇಲ್ಲಾಂದ್ರೆ ಒರೆಸಿ ಒಳಗಿಡು. ದಿನಾ ನೋಡೋಳು ನಾನು" ಎಂದರು.

ಕುರ್ಚಿಯ ಕೆಳಗೆ ಅವನ ಕಂದು ಶೂಗಳಿದ್ದವು. ಕಾಯಿಲೆಗೆ ಮುಂಚಿನ ವರ್ಷ ತನಗೆಂದೇ ಕಟ್ಟಿಕೊಂಡಿದ್ದು, ಒಂದನೇ ನಂಬರಿನ ಅಚ್ಚಿನ ಮೇಲೆ. ಏಳು ತಿಂಗಳಿಂದ ಅವಳು ಅವುಗಳ ಸುತ್ತ ಗುಡಿಸಿದ್ದಳು, ಮುಟ್ಟಿರಲಿಲ್ಲ. ಈಗ ಎಡಗಾಲಿನದನ್ನು ಎತ್ತಿಕೊಂಡಳು. ಶೂ ಕೈಗೆ ಬಂದರೆ ಅವಳ ಬಲಗೈ ಕೇಳುವುದಿಲ್ಲ, ತಾನಾಗಿ ಒಳಗೆ ಹೋಗುತ್ತದೆ. ಹೋಯಿತು.

ಹಿಮ್ಮಡಿ, ಅಂಚು, ಬೆರಳಿನ ಮೂಲೆ. ವಾಪಸು ಬರುವಾಗ ಮೇಲ್ಭಾಗದಲ್ಲಿ ಕೈ ನಿಂತುಬಿಟ್ಟಿತು. ಒಳಗೆ ಜಾಗ ಕಡಿಮೆ. ಮುಕ್ಕಾಲು ಗಂಟೆಯ ಹಿಂದೆ ಹಿಡಿದಿದ್ದ ಕಾಲು ಇದರೊಳಗೆ ಹೋಗುವುದಿಲ್ಲ.

ತನ್ನ ಕೈ ಗುರುತಿಸಿದ್ದು ಯಾವ ಕಾಲನ್ನು ಎಂದು ಅವಳಿಗೆ ಆಗ ತಿಳಿಯಿತು. ಕೊನೆಯ ನಾಲ್ಕು ತಿಂಗಳು ದಿನಾ ಎಣ್ಣೆ ಹಚ್ಚಿ ತಿಕ್ಕಿದ, ಊದಿಕೊಂಡ ಕಾಲು ಅದು. ಕೈಯಲ್ಲಿ ಉಳಿದಿದ್ದದ್ದು ಅದೊಂದೇ. ಅದಕ್ಕೆ ಮುಂಚಿನ ಕಾಲು, ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ನಡೆದದ್ದು, ಅವಳಿಗೆ ಮರೆತೇಹೋಗಿತ್ತು. ಕಾರ್ಡಿನ ತಿರುಪು ತಪ್ಪಿ ಯಂತ್ರ ಎಲ್ಲವನ್ನೂ ದಪ್ಪ ಕೆತ್ತುತ್ತಿದೆ, ತಾನು ಅದಕ್ಕೆ ಸರಿ ಎಂದು ಮುದ್ರೆ ಒತ್ತಿ ಬಂದಿದ್ದೇನೆ. ಅಲ್ಲಿ ಈಗ ಅದು ಮೇಷ್ಟ್ರ ಕಾಲನ್ನೂ ದಪ್ಪ ಕೆತ್ತುತ್ತಿದೆ, ಶೂ ಸಡಿಲವಾಗುತ್ತದೆ.

ಶೂ ಕೈಯಲ್ಲಿ ಹಿಡಿದು ಹಾಗೇ ಓಡಿದಳು. "ಊಟ?" ಎಂದು ಅತ್ತೆ ಕೂಗಿದ್ದು ಹಿಂದೆ ಉಳಿಯಿತು.

ಕಾರ್ಖಾನೆಯಲ್ಲಿ ಮೇಷ್ಟ್ರ ಅಚ್ಚು ಆಗಲೇ ಮುಗಿದಿತ್ತು. ಚರ್ಮ ಎಳೆಯುವವನು ಇಕ್ಕಳ ಕೈಗೆ ತೆಗೆದುಕೊಂಡಿದ್ದ, ಕಾರ್ಡ್ ಡಾಕ್ಟರ್ ಮೊಟ್ಟೆ ಟ್ರೇಗೆ ದಾರ ಕಟ್ಟುತ್ತಿದ್ದ.

"ನಿಲ್ಸಿ. ತಪ್ಪು ಹೇಳಿದೆ ನಾನು."

ಒಂದನೇ ನಂಬರಿನ ಹೊಸ ಅಚ್ಚನ್ನು ಎತ್ತಿಕೊಂಡು, ಶೂವಿನ ಲೇಸು ಸಡಿಲಿಸಿ ಒಳಗೆ ತಳ್ಳಿದಳು. ಬೆರಳುಗಳು ಹೋದವು. ಏರಿನ ಹತ್ತಿರ ಸಿಕ್ಕಿಕೊಂಡಿತು. ಹಿಮ್ಮಡಿ ಹೊರಗೇ ಉಳಿಯಿತು. ಎಲ್ಲರಿಗೂ ಕಂಡಿತು.

"ಗೊತ್ತಾಯ್ತು ಅಕ್ಕ, ಬಿಡಿ. ತಿರುಪು ತಿರುಗಿಸ್ತೀನಿ" ಎಂದ ಕಾರ್ಡ್ ಡಾಕ್ಟರ್.

ಅವಳು ಬಿಡಲಿಲ್ಲ. ಶೂವನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು, ಹಲ್ಲು ಕಚ್ಚಿ ತಳ್ಳುತ್ತಲೇ ಇದ್ದಳು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಹೀಗೇ ಆಗಿತ್ತು. ಬಾಗಿಲಲ್ಲಿ ಗಾಡಿ ನಿಂತಿತ್ತು. ಈ ಶೂ ಹಾಕಿಕೊಂಡೇ ಬರುತ್ತೇನೆಂದು ಅವನು ಹಟ ಹಿಡಿದಿದ್ದ, ಅವಳು ನೆಲದ ಮೇಲೆ ಕೂತು ಹೀಗೇ ತಳ್ಳಿದ್ದಳು. "ಹೋಗಲ್ಲ ಕಣೇ, ನೋಯ್ತಿದೆ" ಎಂದಿದ್ದ. ನಾಲ್ಕು ತಿಂಗಳ ನಿದ್ದೆಗೇಡಿಗೆ ಅವಳ ತಾಳ್ಮೆ ತಪ್ಪಿತ್ತು. "ನಾಟಕ ಆಡ್ಬೇಡಿ, ಒತ್ತಿ ಹಾಕ್ಕೊಳ್ಳಿ!" ಎಂದು ಕಿರುಚಿದ್ದಳು. ಅವನು ಎದ್ದು, ಬರೀ ಕಾಲುಚೀಲದಲ್ಲಿ ಗಾಡಿ ಹತ್ತಿದ್ದ. ಅವಳಿಗೆ ಅವನು ಹೇಳಿದ ಕೊನೆಯ ಸ್ಪಷ್ಟವಾದ ಮಾತು ಆ 'ನೋಯ್ತಿದೆ' ಒಂದೇ. ಊರವರ ಶೂಗಳಿಗೆಲ್ಲ ಕೈ ಹಾಕಿ ನೋಡುವವಳು, ಮನೆಯವನು ನೋವು ಎಂದರೂ ಕೇಳಿರಲಿಲ್ಲ.

"ಹೋಗಲ್ಲ" ಎಂದಳು ಯಾರಿಗೋ. "ಹೋಗಲ್ಲ ಅಂದ್ರು. ನಾನೇ ಕೇಳಲಿಲ್ಲ."

ಮಾಲೀಕರು ಮೆಲ್ಲಗೆ ಅವಳ ಕೈಯಿಂದ ಎರಡನ್ನೂ ಬಿಡಿಸಿಕೊಂಡರು.

ಕಾರ್ಡ್ ಡಾಕ್ಟರ್ ಸಾಸಿವೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದನೇ ನಂಬರನ್ನು ಮತ್ತೆ ಕೆತ್ತಿಸಿದ. ಅದು ಇನ್ನೂ ಸ್ವಲ್ಪ ಬಿಗಿ. ಮತ್ತೊಮ್ಮೆ ತಿರುಗಿಸಿದ. ಸಂಜೆ ಐದಕ್ಕೆ ಮೂರನೆಯದು ಬಂತು. ಅವಳೇ ಶೂವಿಗೆ ಹಾಕಿದಳು. ಒಳಗಿನ ಗಾಳಿಯನ್ನು ಮೆಲ್ಲಗೆ ಹೊರದಬ್ಬಿಕೊಂಡು ಅದು ಜಾರಿ ಹೋಗಿ ಕೂತುಬಿಟ್ಟಿತು. ಹಿಮ್ಮಡಿಯ ಹತ್ತಿರ ಇದ್ದ ಅವಳ ಬೆರಳು ಸಿಕ್ಕಿಕೊಂಡು ಚರ್ಮ ಸುಲಿಯಿತು.

"ಅಯ್ಯೋ" ಎಂದಳು. "ನೋಯ್ತಿದೆ."

"ಎಲ್ಲಿ ಅಕ್ಕ? ನೋಡೋಣ" ಎಂದ ಕಾರ್ಡ್ ಡಾಕ್ಟರ್, ಗಾಬರಿಯಾಗಿ. ಅವಳು ಬೆರಳು ತೋರಿಸಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಏನೋ ನೋಯುತ್ತಿದೆ ಎಂದು ಅವನಿಗೆ ಹೇಗೆ ಹೇಳುವುದು? "ತಿರುಪಿನ ಮೇಲೆ ಅಂಟಿನ ಚುಕ್ಕೆ ಇಟ್ಬಿಡಿ ಡಾಕ್ಟ್ರೇ, ಅಲ್ಲಾಡದ ಹಾಗೆ" ಎಂದು ಎದ್ದು ಹೋದಳು.

ಮೇಷ್ಟ್ರ ಅಚ್ಚನ್ನು ಹೊಸದಾಗಿ ಕೆತ್ತಿಸಿ ಶೂ ಕಟ್ಟಿದರು. ನಾಲ್ಕನೆಯ ದಿನ ಡ್ರಿಲ್ ಮೇಷ್ಟ್ರು ಮಗಳ ಹೆಗಲು ಹಿಡಿದು, ಎಡಗಾಲು ನೆಲಕ್ಕೆ ಊರದೆ ಬಂದರು. ಕೈಯಕ್ಕ ಎರಡೂ ಶೂಗಳ ಒಳಗೆ ಎರಡೆರಡು ಸಲ ಕೈಯಾಡಿಸಿ, ತಾನೇ ಬಗ್ಗಿ ತೊಡಿಸಿದಳು. ಅವರು ಎದ್ದು ನಿಂತು, ಉದ್ದನೆಯ ಕೋಣೆಯಲ್ಲಿ ಆ ತುದಿಯವರೆಗೆ ನಡೆದು ಬಂದರು. ಅವಳು ಶೂ ಬಿಚ್ಚಿ ಪಾದ ಪರೀಕ್ಷಿಸಿದಳು. ಎಲ್ಲೂ ಕೆಂಪಾಗಿರಲಿಲ್ಲ.

"ಎಲ್ಲಾದ್ರೂ ಒತ್ತುತ್ತಾ ಮೇಷ್ಟ್ರೇ?" ಎಂದು ಬಾಯಿತಪ್ಪಿ ಕೇಳಿದಳು.

"ನನ್ನನ್ನ ಕೇಳ್ತೀಯಲ್ಲಮ್ಮ! ಅದನ್ನ ಹೇಳ್ಬೇಕಾದವಳು ನೀನು" ಎಂದು ಅವರು ನಕ್ಕರು.

ಮೂರನೆಯ ಅಚ್ಚಿನ ಮೇಲೆ ಮಾಲೀಕರು '1' ಎಂದು ಬರೆದು ಕಪಾಟಿನ ಮೇಲೆ ಇಟ್ಟಿದ್ದರು. ಎರಡನೆಯದು ಒಲೆಗೆ ಹೋಗಿತ್ತು. ಮೊದಲು ಕೆತ್ತಿದ ಆ ದಪ್ಪ ಅಚ್ಚನ್ನೂ ಒಲೆಗೆ ಹಾಕಲು ಅವಳ ಕೈಗೇ ಕೊಟ್ಟಿದ್ದರು. ನಾಲ್ಕು ದಿನದಿಂದ ಅದು ಅವಳ ಮೇಜಿನ ಖಾನೆಯಲ್ಲಿತ್ತು. ಆ ಸಂಜೆ ಅದನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಬಾಗಿಲ ಪಕ್ಕ ನೆಲದ ಮೇಲೆ, ಆ ದಿನ ಕೂತಿದ್ದ ಜಾಗದಲ್ಲೇ ಕೂತು, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸವರತೊಡಗಿದಳು.

ಕುರ್ಚಿಯಿಂದ ಅತ್ತೆ ಬಗ್ಗಿ ನೋಡಿದರು. "ಏನೇ ಅದು?"

"ಇವರ ಕಾಲು."

"ಇಷ್ಟು ದಪ್ಪ ಇರ್ಲಿಲ್ಲ ನನ್ನ ಮಗನ ಕಾಲು."

"ಕೊನೇಲಿ ಇತ್ತಲ್ಲ ಅತ್ತೆ."

ಇವಳು ತಲೆ ಎತ್ತದೆ ಹೇಳಿದಳು, "ಅವತ್ತು ಹೊರಡೋವಾಗ ನೋಯ್ತಿದೆ ಅಂದ್ರು. ನಾನು ನಾಟಕ ಆಡ್ಬೇಡಿ ಅಂದೆ."

"ಗೊತ್ತು" ಎಂದರು ಅತ್ತೆ. "ಬಾಗಿಲ ಹಿಂದೇನೇ ಇದ್ದೆ. ಕೇಳಿಸ್ತು."

ಏಳು ತಿಂಗಳು ಕಲ್ಲು ಎಂದಿದ್ದರು, ಗುಂಡುಕಲ್ಲು ಎಂದಿದ್ದರು, ಹಾಲು ಉಕ್ಕಿದ್ದಕ್ಕೂ ಬೈದಿದ್ದರು. ಈ ಒಂದು ಮಾತನ್ನು ಮಾತ್ರ ಒಂದು ದಿನವೂ ಎತ್ತಿರಲಿಲ್ಲ. ಕೈಯಕ್ಕ ಮುಖ ಎತ್ತಿ ನೋಡಿದಳು, ಆಮೇಲೆ ಅವಳಿಗೆ ಏನೂ ಕಾಣಿಸಲಿಲ್ಲ. ಅಳು ಬಂದೇ ಬಂತು, ಬಾಯಿ ಮುಚ್ಚಿಕೊಳ್ಳಲೂ ಬಿಡದೆ ಬಂತು.

ಅತ್ತೆ ಕುರ್ಚಿಯಿಂದ ಕಷ್ಟಪಟ್ಟು ಇಳಿದು ಪಕ್ಕದಲ್ಲಿ ಕೂತರು. "ಕೊಡು ಇಲ್ಲಿ" ಎಂದು ಹಿಮ್ಮಡಿಯ ಕಡೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಮೆಲ್ಲಗೆ ತಿಕ್ಕತೊಡಗಿದರು.